ಗಳಿಗೆ ಬಟ್ಟಲಿನ ಕಾವಲು

ಕನ್ನಡದಲ್ಲಿ ಕಾಲವನ್ನು ಸೂಚಿಸುವ ಮಾತುಗಳಿಗೆ ಬಡತನವಿಲ್ಲ. ಹೊತ್ತು, ವೇಳೆ, ಜಾವ, ಗಳಿಗೆ, ಕ್ಷಣ ಎಂದು ಎಷ್ಟೋ ಇವೆ. ತುಳುವಿನ 'ಪೊರ್ತು' ನಮ್ಮ ಹಳಗನ್ನಡದ 'ಪೊೞ್ತು'ವಿನ ಒಡಹುಟ್ಟು. ಇವುಗಳಲ್ಲಿ 'ಗಳಿಗೆ'ಯ ಹುಟ್ಟು ಸ್ವಾರಸ್ಯವಾದುದು. ಅದು 'ಘಟಿಕಾ' ಶಬ್ದದ ತದ್ಭವ. ಘಟಿಕೆಯೆಂದರೆ ಸಣ್ಣ ಘಟ, ಒಂದು ಪುಟ್ಟ ಪಾತ್ರೆ. ನಾವು ಗೋಡೆಗೆ ತೂಗಹಾಕುವ 'ಗಡಿಯಾರ'ದ ಹೆಸರಿನೊಳಗೂ ಅದೇ ಪಾತ್ರೆ ಅಡಗಿ ಕುಳಿತಿದೆ. ಪಾತ್ರೆ ಹೋಯಿತು, ಮುಳ್ಳು ಬಂದಿತು, ಮುಳ್ಳೂ ಹೋಗಿ ಅಂಕಿ ಬಂದಿತು. ಹೆಸರು ಮಾತ್ರ ಉಳಿಯಿತು.

ಪರಮಾಣು ಗಡಿಯಾರವನ್ನು ಮನೆಯ ಮೇಜಿನ ಮೇಲಿರಿಸಿಕೊಂಡು, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲನ್ನು ಅಳೆಯುತ್ತ ರಾತ್ರಿ ಕಳೆಯುವ ಹವ್ಯಾಸಿಗಳು ಇಂದು ಲೋಕದಲ್ಲಿ ಹಲವರಿದ್ದಾರೆ. ಮೊಬೈಲ್ ಗೋಪುರಗಳಿಂದ ಕಳಚಿ ಮಾರಾಟಕ್ಕೆ ಬಂದ ರುಬಿಡಿಯಂ ಆಂದೋಲಕಗಳನ್ನು ಅಗ್ಗಕ್ಕೆ ಕೊಂಡು, ದುರಸ್ತಿ ಮಾಡಿ, ಉಪಗ್ರಹದಿಂದ ಬರುವ ಸಂಕೇತದೊಡನೆ ತಾಳೆ ನೋಡುವುದು ಅವರ ವಿನೋದ. ಇದರಿಂದ ಅವರಿಗೆ ಸಂಬಳವಿಲ್ಲ, ಅಷ್ಟು ನಿಖರವಾದ ಸಮಯದಿಂದ ಆಗಬೇಕಾದ ಮನೆಗೆಲಸವೂ ಇಲ್ಲ. ಕೇಳಿದವರು ಹುಚ್ಚೆಂದು ನಕ್ಕರೆ ಸೋಜಿಗವಲ್ಲ. ಆದರೆ ಕಾಲಮಾಪನದ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ, ಈ ಹುಚ್ಚು ಬಹು ಹಳೆಯದೆಂದೂ, ಅರಸರ ಮತ್ತು ಸರ್ಕಾರಗಳ ಗಡಿಯಾರಗಳು ಎಷ್ಟೋ ವೇಳೆ ಇಂಥ ಆಸಕ್ತರ ಮನೆಯಿಂದಲೇ ಹೊರಟವೆಂದೂ ತಿಳಿಯುತ್ತದೆ. ಆ ಚರಿತ್ರೆಯ ಕೆಲವು ಎಳೆಗಳು ನಮ್ಮ ವಿಟ್ಲ, ಮೂಡುಬಿದಿರೆ, ಬೆಳ್ತಂಗಡಿಗಳ ಕಡೆಗೂ ಹಾದುಹೋಗಿವೆ.

ಮೊದಲು ಬಟ್ಟಲನ್ನೇ ನೋಡೋಣ. ತಾಮ್ರದ ಅರ್ಧಗೋಲಾಕಾರದ ಬಟ್ಟಲು. ತಳದಲ್ಲಿ ಸೂಜಿಯಷ್ಟು ರಂಧ್ರ. ಅದನ್ನು ನಿರ್ಮಲವಾದ ನೀರು ತುಂಬಿದ ದೊಡ್ಡ ಪಾತ್ರೆಯಲ್ಲಿ ತೇಲಬಿಡುವುದು. ನೀರು ಕೆಳಗಿನಿಂದ ಒಸರಿ, ಬಟ್ಟಲು ತುಂಬಿ, ಮುಳುಗುತ್ತದೆ. ಮುಳುಗಿದರೆ ಒಂದು ಗಳಿಗೆ, ಎಂದರೆ ಇಂದಿನ 24 ನಿಮಿಷ. ಹಗಲಿರುಳು ಸೇರಿ ಅದು 60 ಸಲ ಮುಳುಗಬೇಕೆಂದು ಸೂರ್ಯಸಿದ್ಧಾಂತ ಹೇಳುತ್ತದೆ. ಮುಳುಗಿದೊಡನೆ ಎತ್ತಿ, ಬರಿದು ಮಾಡಿ, ಮತ್ತೆ ತೇಲಿಸಲು ಒಬ್ಬನು ಬಳಿಯಲ್ಲೇ ಕುಳಿತಿರಬೇಕು. ಅವನು ತೂಕಡಿಸಿದರೆ ಊರಿನ ಕಾಲವೇ ತೂಕಡಿಸಿದಂತೆ.

ಈ ಬಟ್ಟಲನ್ನು ಮಾಡುವುದೆಂತು? ಲಲ್ಲನೆಂಬ ಪೂರ್ವಾಚಾರ್ಯನು ವಿವರವಾದ ಅಳತೆ ಕೊಡುತ್ತಾನೆ. ತಾಮ್ರ 10 ಪಲ, ಎತ್ತರ 6 ಅಂಗುಲ, ಬಾಯಿಯ ಅಗಲ 12 ಅಂಗುಲ. ರಂಧ್ರಕ್ಕೆ ಇಂತಿಷ್ಟು ತೂಕದ, 4 ಅಂಗುಲ ಉದ್ದದ ಚಿನ್ನದ ಸೂಜಿ. ಅಕ್ಕಸಾಲಿಗ ಇದನ್ನೋದಿ ಕೆಲಸಕ್ಕೆ ಕೂರಬಹುದು. ಆದರೆ 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನಿಗೆ ಈ ಪಾಂಡಿತ್ಯ ಒಪ್ಪಿಗೆಯಾಗಲಿಲ್ಲ. ಅವನ ಹುಟ್ಟೂರಾದ ವಿಜ್ಜಡವಿಡ ನಮ್ಮ ವಿಜಾಪುರವೆಂದು ಕೆಲವರೂ ಖಾನದೇಶದ ಕಡೆಯದೆಂದು ಕೆಲವರೂ ವಾದಿಸುತ್ತಾರೆ. ಆ ವಾದ ಇಲ್ಲಿ ಬೇಡ. ಅವನು ಹೇಳಿದ ಮಾತಿನ ಸಾರ ಇಷ್ಟು: ಇಂಥ ತೂಕ, ಇಂಥ ಸೂಜಿ ಎಂಬುದಕ್ಕೆ ಯುಕ್ತಿಯ ಆಧಾರವಿಲ್ಲ, ಹಾಗೆ ಮಾಡುವುದೂ ಕಷ್ಟ. ನಿಮಗೆ ದೊರೆತ ತೂತಿನ ಬಟ್ಟಲನ್ನೇ ತೇಲಿಸಿರಿ. ಒಂದು ಹಗಲಿರುಳಿನಲ್ಲಿ ಅದೆಷ್ಟು ಸಲ ಮುಳುಗುತ್ತದೆಂದು ಎಣಿಸಿರಿ. ಆ ಸಂಖ್ಯೆಯಿಂದ ದಿನವನ್ನು ಭಾಗಿಸಿರಿ. ನಿಮ್ಮ ಬಟ್ಟಲಿನ ಅಳತೆ ತಾನೇ ತಿಳಿಯುವುದು.

ಈ ಮಾತನ್ನು ಎರಡು ಸಲ ಓದಬೇಕು. ದೋಷವಿಲ್ಲದ ಗಡಿಯಾರವನ್ನು ಮಾಡಲು ಹೊರಡುವವನು ಲಲ್ಲನ ದಾರಿಯವನು. ತನ್ನ ಗಡಿಯಾರದ ದೋಷ ಎಷ್ಟೆಂದು ತಿಳಿದುಕೊಳ್ಳಲು ಹೊರಡುವವನು ಭಾಸ್ಕರನ ದಾರಿಯವನು. ಮುಂದಿನ ಎಂಟುನೂರು ವರುಷಗಳಲ್ಲಿ ಲೋಲಕ, ಸ್ಫಟಿಕ, ಪರಮಾಣು ಯಾವುದೇ ಬರಲಿ, ಬಲ್ಲವರು ಹಿಡಿದುದು ಎರಡನೆಯ ದಾರಿಯನ್ನು. ಎಲ್ಲ ಗಡಿಯಾರಗಳೂ ತಪ್ಪುತ್ತವೆ. ತಪ್ಪು ಸಮನಾಗಿದ್ದರೆ, ಅದರ ಪ್ರಮಾಣ ತಿಳಿದಿದ್ದರೆ, ಆ ಗಡಿಯಾರ ನಂಬಿಕೆಗೆ ಅರ್ಹವೆಂದೇ ಲೆಕ್ಕ.

ಭಾಸ್ಕರನ ಮಗಳೆನ್ನಲಾದ ಲೀಲಾವತಿಯ ಕಥೆಯನ್ನು ವಾಚಕರು ಕೇಳಿರಬಹುದು. ಮದುವೆಯ ಮುಹೂರ್ತಕ್ಕಾಗಿ ಇರಿಸಿದ ಗಳಿಗೆ ಬಟ್ಟಲನ್ನು ಬಗ್ಗಿ ನೋಡುತ್ತಿದ್ದ ಹುಡುಗಿಯ ಉಡುಗೆಯಿಂದ ಮುತ್ತೊಂದು ಉದುರಿ ರಂಧ್ರಕ್ಕೆ ಅಡ್ಡವಾಯಿತು, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು ಎಂದು ಕಥೆ. ಇದು ಕಾಣಿಸಿಕೊಳ್ಳುವುದು 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ; ಆದುದರಿಂದ ಚರಿತ್ರೆಯೆಂದು ಹೇಳಲಾಗದು. ಆದರೂ ಗಡಿಯಾರ ಬಲ್ಲವರಿಗೆ ಅದರಲ್ಲೊಂದು ಪಾಠವಿದೆ. ಆ ಮನೆಯಲ್ಲಿ ಇದ್ದುದು ಒಂದೇ ಬಟ್ಟಲು. ಎರಡನೆಯದಿದ್ದಿದ್ದರೆ ಮೊದಲನೆಯದು ತಡೆದುದು ಕೂಡಲೆ ತಿಳಿಯುತ್ತಿತ್ತು.

ಇನ್ನು ಮೂಡುಬಿದಿರೆಯ ಕಡೆಗೆ ತಿರುಗೋಣ. ಓಲೆಗರಿಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದ ಆ ಜೈನಕಾಶಿಯ ಪರಂಪರೆಯಲ್ಲಿ ಕಾಲವಿಭಾಗದ ವಿಚಾರ ಬಹು ಸೂಕ್ಷ್ಮವಾದುದು. ಕವಿರಾಜಮಾರ್ಗದ ನೃಪತುಂಗನೆಂದು ನಾವು ಅರಿತಿರುವ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು ಬರೆದ ಗಣಿತಸಾರಸಂಗ್ರಹ ಆ ಪರಂಪರೆಯ ಲೆಕ್ಕವನ್ನು ಕೊಡುತ್ತದೆ. 7 ಉಚ್ಛ್ವಾಸಕ್ಕೆ ಒಂದು ಸ್ತೋಕ, 7 ಸ್ತೋಕಕ್ಕೆ ಒಂದು ಲವ, ಮೂವತ್ತೆಂಟೂವರೆ ಲವಕ್ಕೆ ಒಂದು ಘಟಿ, 2 ಘಟಿಗೆ ಒಂದು ಮುಹೂರ್ತ. ಗುಣಿಸಿ ನೋಡಿದರೆ ಒಂದು ಮುಹೂರ್ತಕ್ಕೆ 3,773 ಉಚ್ಛ್ವಾಸಗಳಾಗುತ್ತವೆ. ನಮ್ಮ ಸೆಕೆಂಡಿನ ಲೆಕ್ಕದಲ್ಲಿ ಒಂದೊಂದೂ ಮುಕ್ಕಾಲು ಸೆಕೆಂಡಿಗೆ ತುಸು ಹೆಚ್ಚು, ಹೆಚ್ಚುಕಡಿಮೆ ಒಂದು ನಾಡಿಬಡಿತದಷ್ಟು. ಆ 'ಮೂವತ್ತೆಂಟೂವರೆ'ಯ ಅರೆಯನ್ನು ಗಮನಿಸಬೇಕು. ಬಾಯಿಲೆಕ್ಕದ ಅನುಕೂಲಕ್ಕೆ ಅದನ್ನು ಯಾರೂ ಉಜ್ಜಿ ನುಣುಪು ಮಾಡಲಿಲ್ಲ. ಬಂದುದನ್ನು ಬಂದಂತೆ ಉಳಿಸಿಕೊಂಡರು.

ಕನ್ನಡ ಪಾಠ ಹೇಳುವ ನನಗೆ ಕಾಲಮಾನವೆಂದೊಡನೆ ನೆನಪಾಗುವುದು ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆ. ಒಂದು ಮಾತ್ರೆ ಎಷ್ಟು ಸೆಕೆಂಡೆಂದು ಯಾವ ಛಂದೋಗ್ರಂಥವೂ ಕಟ್ಟುಮಾಡಿಲ್ಲ. ವಾಚಕನು ನಿಧಾನವಾಗಿ ಓದಲಿ, ಬೇಗ ಓದಲಿ, ಲಘು ಗುರುಗಳ ಪ್ರಮಾಣ ಕೆಡಬಾರದು, ಅಷ್ಟೆ. ನಮ್ಮ ಜಿಲ್ಲೆಯವರೇ ಆದ ಸೇಡಿಯಾಪು ಕೃಷ್ಣಭಟ್ಟರು 'ಛಂದೋಗತಿ'ಯಲ್ಲಿ ಈ ನಡಿಗೆಯ ಸೂಕ್ಷ್ಮಗಳನ್ನು ವಿಚಾರಿಸಿದ್ದಾರೆ. ಕಾಲವನ್ನು ಅಳೆಯುವುದೆಂದರೆ ಒಂದು ಗತಿಯನ್ನು ಇನ್ನೊಂದು ಗತಿಯ ಪಕ್ಕದಲ್ಲಿರಿಸಿ ನೋಡುವುದೆಂಬ ತಿಳಿವಳಿಕೆ ಕಾವ್ಯಾಭ್ಯಾಸಿಗಳಿಗೆ ಹೊಸದಲ್ಲ.

ಊರೂರಿನ ಬಟ್ಟಲುಗಳ ಕಾಲ ಮುಗಿದುದು ಆಂಗ್ಲರ ಆಡಳಿತದಲ್ಲಿ. ದಕ್ಷಿಣ ಕನ್ನಡ 1799ರಿಂದ ಮದರಾಸಿಗೆ ಸೇರಿತ್ತು. 1956ರವರೆಗೂ ನಮ್ಮ ಕಚೇರಿಯ ಮುಖ ಅತ್ತ ಕಡೆಗೇ. ಆ ಮದರಾಸಿನ ಕಾಲದ ಮೂಲವನ್ನು ಹುಡುಕಿದರೆ ಅಲ್ಲಿಯೂ ಒಬ್ಬ ಹವ್ಯಾಸಿಯೇ ಸಿಕ್ಕುತ್ತಾನೆ. ಕಂಪನಿಯ ಅಧಿಕಾರಿ ವಿಲಿಯಂ ಪೆಟ್ರಿ 1786ರಲ್ಲಿ ಎಗ್ಮೋರಿನಲ್ಲಿ ತನ್ನ ಸ್ವಂತ ಆಸಕ್ತಿಯಿಂದ ಒಂದು ವೀಕ್ಷಣಾಲಯವನ್ನು ಕಟ್ಟಿಕೊಂಡಿದ್ದನು. ಅವನು ಅದನ್ನು ಕಂಪನಿಗೆ ಒಪ್ಪಿಸಿದ ಮೇಲೆ 1792ರಲ್ಲಿ ನುಂಗಂಬಾಕ್ಕಂನಲ್ಲಿ ಮದರಾಸು ವೀಕ್ಷಣಾಲಯ ಎದ್ದಿತು. ಅಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಮನು 1802ರಲ್ಲಿ ಗೊತ್ತುಪಡಿಸಿದ ರೇಖಾಂಶದಿಂದ ಮದರಾಸಿನ ಕಾಲ ನಿಂತಿತು. ಮುಂದೆ ಹಿಂದೂಸ್ಥಾನದ ರೈಲುಗಳು ಓಡಿದುದು ಆ ಗಡಿಯಾರದಂತೆ. 1906ರ ಜನವರಿ 1ರಂದು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿನ ಭಾರತೀಯ ಕಾಲ ಜಾರಿಗೆ ಬಂದಿತು. ಮಂಗಳೂರಿಗೆ ರೈಲು ಬಂದುದು ಅದರ ಮರುವರ್ಷ, 1907ರಲ್ಲಿ. ಹೀಗಾಗಿ ನಮ್ಮ ಕರಾವಳಿಗೆ ಉಗಿಬಂಡಿ ಬರುವಾಗಲೇ ಹೊಸ ಕಾಲವನ್ನು ಹೊತ್ತುಕೊಂಡು ಬಂದಿತು.

ಈ ಹೊಸ ಕಾಲಕ್ಕೂ ವಿಟ್ಲದ ಸೂರ್ಯನಿಗೂ ಇರುವ ಅಂತರವನ್ನು ಯಾರಾದರೂ ಲೆಕ್ಕ ಹಾಕಬಹುದು. ಭಾರತೀಯ ಕಾಲದ ರೇಖಾಂಶ ಎಂಬತ್ತೆರಡೂವರೆ ಡಿಗ್ರಿ. ವಿಟ್ಲದ್ದು ಸುಮಾರು ಎಪ್ಪತ್ತೈದು. ಡಿಗ್ರಿಗೆ ನಾಲ್ಕು ನಿಮಿಷದಂತೆ ಅಂತರ ಹತ್ತಿರ ಹತ್ತಿರ ಅರ್ಧ ಗಂಟೆ. ಕೈಗಡಿಯಾರ ಹನ್ನೆರಡು ತೋರಿಸುವಾಗ ವಿಟ್ಲದಲ್ಲಿ ಸರಾಸರಿ ಸೂರ್ಯಮಾನದಂತೆ ಇನ್ನೂ ಹನ್ನೊಂದೂವರೆ. ಪಂಚಾಂಗದ ಗಳಿಗೆಗಳು ಸೂರ್ಯೋದಯದಿಂದ ಎಣಿಕೆಯಾಗುವುದರಿಂದ, ಬೇರೆ ಊರಿಗೆಂದು ಗಣಿಸಿದ ಪಂಚಾಂಗವನ್ನು ತಂದು ಗೋಡೆಯ ಗಡಿಯಾರಕ್ಕೆ ಹೊಂದಿಸುವವನು ಈ ವ್ಯತ್ಯಾಸವನ್ನು ಕಳೆಯಲೇಬೇಕು. ಹಳ್ಳಿಯ ಜೋಯಿಸರು ಕಾಗದದ ಮೂಲೆಯಲ್ಲಿ ಈ ಲೆಕ್ಕ ಮಾಡುತ್ತಿದ್ದುದು ಮೂಢನಂಬಿಕೆಯಲ್ಲ, ರೇಖಾಂಶದ ಗಣಿತ.

ಪಂಚಾಂಗವನ್ನು ನಿಜವಾದ ಆಕಾಶಕ್ಕೆ ಸರಿಹೊಂದಿಸಬೇಕೆಂದು ಜೀವಮಾನವಿಡೀ ದುಡಿದವರೊಬ್ಬರು ಉತ್ತರ ಕರ್ನಾಟಕದಲ್ಲಿದ್ದರು. ನರಗುಂದದಲ್ಲಿ 1854ರಲ್ಲಿ ಹುಟ್ಟಿ, ಬಾಗಲಕೋಟೆಯಲ್ಲಿ ಶಾಲಾ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು. ಅವರಿಗೆ ವೀಕ್ಷಣಾಲಯದ ಹುದ್ದೆಯಿರಲಿಲ್ಲ. ಪಾಠದ ಬಿಡುವಿನಲ್ಲಿ ಪಾಶ್ಚಾತ್ಯ ಖಗೋಲಗಣಿತವನ್ನು ಕಲಿತು, ಅದನ್ನು ಸಂಸ್ಕೃತದ 'ಜ್ಯೋತಿರ್ಗಣಿತ'ದಲ್ಲಿ ನಮ್ಮ ಪಂಚಾಂಗಕಾರರಿಗೆ ಬಳಸಲು ಬರುವಂತೆ ಮಾಡಿದರು. 1911ರಲ್ಲಿ ಫ್ರಾನ್ಸಿನ ಖಗೋಲ ಸಂಘದ ಪತ್ರಿಕೆಗೆ ಕಳುಹಿಸಿದ ಲೇಖನದಲ್ಲಿ ನೆಪ್ಚೂನಿನ ಆಚೆಗೂ ಗ್ರಹವಿದೆಯೆಂದು ವಾದಿಸಿ, ಅದು ಸೂರ್ಯನನ್ನು ಸುಮಾರು 242 ವರುಷಗಳಿಗೊಮ್ಮೆ ಸುತ್ತುವುದೆಂದು ಗಣಿಸಿದ್ದರು. 1930ರಲ್ಲಿ ಕಂಡುಬಂದ ಪ್ಲೂಟೋ ಸುತ್ತುವುದು 248 ವರುಷಗಳಿಗೊಮ್ಮೆ. ಅದು ಗಣಿತವೋ ಆಕಸ್ಮಿಕವೋ ಎಂಬ ಚರ್ಚೆ ಇರಲಿ. ಸಂಬಳಕ್ಕೆ ಸಂಬಂಧವಿಲ್ಲದ ನಿಖರತೆಗೆ ಶಾಲೆಯ ಮಾಸ್ತರರೊಬ್ಬರು ಆಯುಸ್ಸನ್ನು ಸವೆಸಿದುದು ನಮಗೆ ಮುಖ್ಯ.

ಪಶ್ಚಿಮದಲ್ಲೂ ಇಂಥವರ ಸಾಲೇ ಇದೆ. ಕಡಲಿನಲ್ಲಿ ರೇಖಾಂಶ ತಿಳಿಯುವ ಗಡಿಯಾರವನ್ನು ಹದಿನೆಂಟನೆಯ ಶತಮಾನದಲ್ಲಿ ಮಾಡಿಕೊಟ್ಟ ಜಾನ್ ಹ್ಯಾರಿಸನ್ ಬಡಗಿಯ ಮಗ, ತಾನೂ ಬಡಗಿ. ಲೋಲಕದ ಗಡಿಯಾರವನ್ನು ಅದರ ತುದಿಗೆ ಮುಟ್ಟಿಸಿದ ವಿಲಿಯಂ ಶಾರ್ಟ್ ರೈಲ್ವೆಯ ಎಂಜಿನಿಯರ್. ಅವನು 1921ರಲ್ಲಿ ಎಡಿನ್‌ಬರೋ ವೀಕ್ಷಣಾಲಯದಲ್ಲಿ ನಿಲ್ಲಿಸಿದ ಗಡಿಯಾರದಲ್ಲಿ ಎರಡು ಲೋಲಕಗಳು. ಒಂದು ಗಾಳಿ ತೆಗೆದ ಕೊಳವೆಯೊಳಗೆ ಸುಮ್ಮನೆ ತೂಗುತ್ತದೆ, ಯಾವ ಕೆಲಸವನ್ನೂ ಮಾಡದು. ಎಣಿಸುವ, ಮುಳ್ಳು ತಿರುಗಿಸುವ ಚಾಕರಿಯೆಲ್ಲ ಇನ್ನೊಂದರದು. 1984ರಲ್ಲಿ ಪಿಯರ್ ಬೌಷೆರಾನ್ ಎಂಬ ಗಡಿಯಾರಪ್ರೇಮಿ ವಾಷಿಂಗ್ಟನ್ನಿನ ನೌಕಾ ವೀಕ್ಷಣಾಲಯದ ನೆಲಮಾಳಿಗೆಯಲ್ಲಿದ್ದ ಅಂಥದೊಂದು ಹಳೆಯ ಗಡಿಯಾರವನ್ನು ಪರಮಾಣು ಗಡಿಯಾರದೊಡನೆ ತಾಳೆ ನೋಡಿದನು. ಅದು ಎಲ್ಲರೂ ತಿಳಿದುದಕ್ಕಿಂತ ಹೆಚ್ಚು ನಿಖರವಾಗಿತ್ತು. ಸೂರ್ಯ ಚಂದ್ರರ ಸೆಳೆತದಿಂದ ಲೋಲಕದ ಗತಿಯಲ್ಲಾಗುವ ಅತಿ ಸಣ್ಣ ಏರಿಳಿತ ಕೂಡ ಅದರಲ್ಲಿ ದಾಖಲಾಯಿತು. ಕಡಲಿನಲ್ಲಿ ಉಬ್ಬರವಿಳಿತ ಮಾಡಿಸುವ ಚಂದ್ರ ನೆಲಮಾಳಿಗೆಯ ಗಡಿಯಾರವನ್ನೂ ಮುಟ್ಟಿಹೋಗುತ್ತಾನೆಂದಾಯಿತು.

ಲೋಲಕವಾಗಲಿ ಪರಮಾಣುವಾಗಲಿ, ತತ್ತ್ವವೊಂದೇ: ಸಮನಾಗಿ ಮರುಕಳಿಸುವ ಒಂದು ಬಡಿತವನ್ನು ಹುಡುಕಿ ಎಣಿಸುವುದು. ಕೈಗೆ ಕಟ್ಟುವ ಸ್ಫಟಿಕದ ಗಡಿಯಾರದಲ್ಲಿ ಅದು ಸೆಕೆಂಡಿಗೆ 32,768. ಲಂಡನ್ನಿನ ಬಳಿಯ ಟೆಡಿಂಗ್ಟನ್ನಿನಲ್ಲಿ ಎಸ್ಸೆನ್ ಮತ್ತು ಪ್ಯಾರಿ 1955ರಲ್ಲಿ ಸೀಸಿಯಂ ಗಡಿಯಾರವನ್ನು ನಡೆಸಿ ತೋರಿಸಿದ ಮೇಲೆ, 1967ರಲ್ಲಿ ಲೋಕವೆಲ್ಲ ಒಪ್ಪಿದ ಸೆಕೆಂಡು ಆ ಪರಮಾಣುವಿನ 9,192,631,770 ಆಂದೋಲನಗಳಷ್ಟಾಯಿತು. ಅಲ್ಲಿಗೆ ಭೂಮಿಯೇ ಒಂದು ತಪ್ಪುವ ಗಡಿಯಾರವೆಂದು ಸಾಬೀತಾಗಿ, ಅದರ ತಡವನ್ನು ಸರಿದೂಗಿಸಲು 1972ರಿಂದ 2016ರವರೆಗೆ 27 ಅಧಿಕ ಸೆಕೆಂಡುಗಳನ್ನು ಸೇರಿಸಬೇಕಾಯಿತು. ಅಧಿಕಮಾಸ ಬಲ್ಲ ನಮಗೆ ಅಧಿಕ ಸೆಕೆಂಡು ಅಪರಿಚಿತವೆನಿಸದು.

ಎರಡು ಬಡಿತಗಳನ್ನು ಹೋಲಿಸುವುದೆಂತು ಎಂಬುದನ್ನು ತಂಬೂರಿ ಶ್ರುತಿ ಮಾಡುವುದನ್ನು ಕೇಳಿದವರಿಗೆ ವಿವರಿಸಬೇಕಿಲ್ಲ. ಎರಡು ತಂತಿಗಳ ಸ್ವರ ತುಸುವೇ ಬೇರೆಯಾಗಿದ್ದರೆ ನಾದದಲ್ಲಿ ಒಂದು ಅಲೆ ಏಳುತ್ತದೆ; ಹತ್ತಿರವಾದಷ್ಟೂ ಅಲೆ ನಿಧಾನವಾಗುತ್ತದೆ; ಕೂಡಿದಾಗ ಅಡಗುತ್ತದೆ. ರೇಡಿಯೋ ಹವ್ಯಾಸಿಗಳು ತಮ್ಮ ಯಂತ್ರದ ಆವರ್ತನವನ್ನು ಪ್ರಮಾಣಸಂಕೇತಕ್ಕೆ ಹೊಂದಿಸುತ್ತಿದ್ದುದು ಇದೇ ಉಪಾಯದಿಂದ. ಪರಮಾಣು ಗಡಿಯಾರದ ಹವ್ಯಾಸಿ ಮಾಡುವುದೂ ಶ್ರುತಿ ಸೇರಿಸುವ ಕೆಲಸವೇ. ಅವನ ಅಲೆ ಏಳಲು ದಿನಗಟ್ಟಲೆ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಅಂಥ ಹವ್ಯಾಸಿಗಳಲ್ಲಿ ಹೆಸರಾದವನು ಅಮೆರಿಕದ ಟಾಮ್ ವಾನ್ ಬಾಕ್. ಎತ್ತರದಲ್ಲಿ ಕಾಲ ತುಸು ಬೇಗ ನಡೆಯುವುದೆಂಬ ಐನ್‌ಸ್ಟೈನರ ಮಾತನ್ನು ಪರೀಕ್ಷಿಸಲು ಅವನು 2005ರಲ್ಲಿ ಮೂರು ಸೀಸಿಯಂ ಗಡಿಯಾರಗಳನ್ನೂ ಮೂರು ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ರೇನಿಯರ್ ಪರ್ವತಕ್ಕೆ ಹೋಗಿ ಎರಡು ದಿನ ತಂಗಿದನು. ಮನೆಗೆ ಮರಳಿ ಅಲ್ಲಿ ಬಿಟ್ಟುಹೋಗಿದ್ದ ಗಡಿಯಾರಗಳೊಡನೆ ಹೋಲಿಸಿದಾಗ ಸುಮಾರು 22 ನ್ಯಾನೋಸೆಕೆಂಡು ಮುಂದಾಗಿತ್ತು. ಲೆಕ್ಕವೂ ಅಷ್ಟನ್ನೇ ಹೇಳುತ್ತಿತ್ತು. ಇದೇ ಲೆಕ್ಕದಂತೆ, ವಿಟ್ಲದಲ್ಲೊಂದು ಗಡಿಯಾರವನ್ನೂ 1,894 ಮೀಟರ್ ಎತ್ತರದ ಕುದುರೆಮುಖದ ತುದಿಯಲ್ಲೊಂದನ್ನೂ ಇರಿಸಿದರೆ, ಮೇಲಿನದು ದಿನಕ್ಕೆ ಸುಮಾರು 17 ನ್ಯಾನೋಸೆಕೆಂಡು ಮುಂದೆ ಓಡಬೇಕು. ಮೂಡಣ ದಿಕ್ಕಿನಲ್ಲಿ ನೀಲಿಯಾಗಿ ಕಾಣುವ ಆ ಘಟ್ಟದ ಮೇಲೆ ಕಾಲವೇ ಬೇರೆ ಎಂಬುದು ಕವಿಸಮಯವಲ್ಲ.

ನಮ್ಮ ನೆಲದಲ್ಲೇ ಶತಾಂಶ ಸೆಕೆಂಡಿನ ಚರ್ಚೆ ಮನೆಮನೆಯ ಮಾತಾದುದು 2020ರಲ್ಲಿ. ಆ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಕೆಲವೇ ದಿನಗಳಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಮೊದಲಿನ ಓಟವನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಬರೆದು, ಬೋಲ್ಟನ 9.58ರ ಪಕ್ಕದಲ್ಲಿರಿಸಿ ದೇಶವೆಲ್ಲ ಮಾತಾಡಿತು. ಗಡಿಯಾರ ಸರಿಯೇ ಎಂದು ಸಂಶಯಿಸಿದವರೂ ಇದ್ದರು. ಅಲ್ಲಿ ಭಾಸ್ಕರನ ವಿವೇಕ ಬೇಕಾಗಿತ್ತು. ಸಾಧಾರಣ ಸ್ಫಟಿಕದ ಗಡಿಯಾರ ದಿನಕ್ಕೆ ಅರ್ಧ ಸೆಕೆಂಡು ತಪ್ಪಿದರೂ, ಅಷ್ಟು ಸಣ್ಣ ಓಟದಲ್ಲಿ ಅದರ ಪಾಲಿನ ತಪ್ಪು ಸೆಕೆಂಡಿನ ಹತ್ತು ಸಾವಿರದಲ್ಲೊಂದಕ್ಕಿಂತ ಕಡಿಮೆ. ಆದರೆ ಗಂತಿನಿಂದ ಮಂಜೊಟ್ಟಿಯವರೆಗಿನ ಅಳತೆಯಲ್ಲಿ ಅರ್ಧ ಮೀಟರ್ ಹೆಚ್ಚುಕಡಿಮೆಯಾದರೆ ಸುಮಾರು ಐದು ಶತಾಂಶ ಸೆಕೆಂಡು ಅತ್ತಿತ್ತ ಆಗುತ್ತದೆ. ಮೇಲಾಗಿ ಒಬ್ಬನು ನಿಂತಲ್ಲಿಂದ ತಾನೇ ಓಡಿದವನು, ಇನ್ನೊಬ್ಬನು ಕೋಣಗಳ ವೇಗವನ್ನು ಕೈಯಲ್ಲಿ ಹಿಡಿದು ಕೆಸರಿನಲ್ಲಿ ಓಡಿದವನು. ಗಡಿಯಾರ ಸುಳ್ಳು ಹೇಳಿರಲಿಲ್ಲ. ನಾವು ಅದನ್ನು ಅದು ಅಳೆಯದ ಪ್ರಶ್ನೆಗೆ ಉತ್ತರ ಕೇಳಿದೆವು. ಹಾಗೆಂದು ಆ ಓಟಗಳ ಘನತೆ ಎಳ್ಳಷ್ಟೂ ಕಡಿಮೆಯಾಗದು. ಕಂಬಳಕ್ಕೆ ಲೇಸರ್ ಕಿರಣದ ಕಾಲಮಾಪನವನ್ನು ತಂದವರು ತಮ್ಮ ಕ್ರೀಡೆಯಲ್ಲಿ ನ್ಯಾಯ ನಡೆಯಲೆಂದು ತಂದರು. ಆ ಕೆಲಸವನ್ನು ಅದು ಮಾಡುತ್ತಿದೆ.

ನಿಖರತೆಯ ಹುಚ್ಚಿನಿಂದ ನಾಡಿಗೇನು ಲಾಭ ಎಂಬ ಪ್ರಶ್ನೆಗೆ ಉತ್ತರ ಬಹಳ ದೂರವಿಲ್ಲ. ಬೆಂಗಳೂರಿನ ಎಚ್.ಎಂ.ಟಿ. ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ 1961ರಲ್ಲಿ ಕೈಗಡಿಯಾರ ಮಾಡಲಾರಂಭಿಸಿ, ಗಡಿಯಾರದ ವಿದ್ಯೆಯನ್ನು ನಮ್ಮವರ ಬೆರಳಿಗೆ ಕಲಿಸಿತು. 2016ರಲ್ಲಿ ಆ ಕಾರ್ಖಾನೆಗಳನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಅದೇ ವರುಷದ ನಡುವಿನಲ್ಲಿ, ಆಕಾಶದಲ್ಲಿ ನಮ್ಮದೇ ದಿಕ್ಸೂಚಿ ವ್ಯವಸ್ಥೆಯ ಮೊದಲ ಉಪಗ್ರಹ, 2013ರಲ್ಲಿ ಹಾರಿದ ಐ.ಆರ್.ಎನ್.ಎಸ್.ಎಸ್.-1ಎ, ತನ್ನೊಳಗಿನ ಆಮದು ರುಬಿಡಿಯಂ ಗಡಿಯಾರಗಳು ಒಂದೊಂದಾಗಿ ಕೆಟ್ಟು ದಿಕ್ಕು ತೋರಿಸುವ ಯೋಗ್ಯತೆಯನ್ನು ಕಳೆದುಕೊಳ್ಳತೊಡಗಿತು. ಇದ್ದ ಮೂರೂ ಕೆಟ್ಟವು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ನಡೆಯುವುದರಿಂದ, ಗಡಿಯಾರ ಕೆಟ್ಟ ಉಪಗ್ರಹ ದಾರಿ ಹೇಳಲಾರದು. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಈ ವ್ಯವಸ್ಥೆಯ ಕಾಲವನ್ನು ಕಾಯುವ ಕೇಂದ್ರವಿದೆ. ಆದರೆ ಆಕಾಶದ ಬಟ್ಟಲು ಬೇರೆಯವರದಾಗಿತ್ತು. ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿ ನಮ್ಮವರೇ ಮಾಡಿದ ರುಬಿಡಿಯಂ ಗಡಿಯಾರ ಎನ್.ವಿ.ಎಸ್.-01 ಉಪಗ್ರಹದಲ್ಲಿ ಹಾರಿದುದು 2023ರ ಮೇ 29ರಂದು.

ಸರ್ಕಾರದ ಪ್ರಯೋಗಾಲಯ ಬೇಕು, ಹಣವೂ ಬೇಕು. ಆದರೆ ಪೆಟ್ರಿಯ ತೋಟದಲ್ಲಿ, ಬಾಗಲಕೋಟೆಯ ಮಾಸ್ತರರ ಮೇಜಿನಲ್ಲಿ ಕಂಡ ಗುಣವಿಲ್ಲದೆ ಪ್ರಯೋಗಾಲಯ ಬರಿಯ ಕಟ್ಟಡ. ಯಾರೂ ಕೇಳದಿದ್ದರೂ ತನ್ನ ಅಳತೆಯಲ್ಲಿ ಎಷ್ಟು ತಪ್ಪಿದೆಯೆಂದು ರಾತ್ರಿ ಎದ್ದು ನೋಡುವ ಗುಣ ಅದು. ನಮ್ಮ ಕಾಲೇಜುಗಳಲ್ಲಿ ವಿಜ್ಞಾನ ಓದುವ ಮಕ್ಕಳು ಸಾವಿರಾರು. ಒಂದು ಗಡಿಯಾರವನ್ನು ಇನ್ನೊಂದರ ಪಕ್ಕದಲ್ಲಿರಿಸಿ ಒಂದು ತಿಂಗಳ ವ್ಯತ್ಯಾಸವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟವರು ಎಷ್ಟು ಮಂದಿ? ಅದಕ್ಕೆ ಪರಮಾಣುವೇ ಬೇಕಿಲ್ಲ.

ಕೊನೆಯದಾಗಿ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ, ಇಲ್ಲವೆ ಊರ ದೇವಸ್ಥಾನದ ಉಗ್ರಾಣದಲ್ಲಿ, ತಳದಲ್ಲಿ ಸಣ್ಣ ರಂಧ್ರವಿರುವ ಹಳೆಯ ತಾಮ್ರದ ಬಟ್ಟಲೇನಾದರೂ ಕಂಡರೆ, ತೂತಾಗಿದೆಯೆಂದು ಗುಜರಿಗೆ ಹಾಕಬೇಡಿರಿ. ಹುಳಿ ಹಚ್ಚಿ ಉಜ್ಜಲೂ ಬೇಡಿರಿ, ರಂಧ್ರ ಅಗಲವಾದೀತು. ಮೆಲ್ಲಗೆ ತೊಳೆದು, ದೊಡ್ಡ ಪಾತ್ರೆಯ ತಿಳಿನೀರಿನಲ್ಲಿ ತೇಲಬಿಟ್ಟು, ಪಕ್ಕದಲ್ಲಿ ಕುಳಿತು ಎಷ್ಟು ಹೊತ್ತಿಗೆ ಮುಳುಗುವುದೆಂದು ನೋಡಿರಿ. ಒಂದು ಸಲ ಸಾಲದು, ಹತ್ತು ಸಲ ನೋಡಿ ಬರೆದಿಡಿರಿ. ಇಪ್ಪತ್ತನಾಲ್ಕು ನಿಮಿಷಕ್ಕೆ ಹತ್ತಿರ ಬಂದರೆ, ನಿಮ್ಮ ಹಿರಿಯರಲ್ಲಿ ಯಾರೋ ಒಬ್ಬರು ಆ ನೀರಿನ ಬಳಿ ನಿದ್ದೆಗೆಟ್ಟು ಕುಳಿತಿದ್ದರೆಂದು ತಿಳಿಯಬಹುದು.